ಚಿಗರಿಗಳ ಮೇಲೆ ಬಂದ ಮಾತು

ಮಾನ್ವಿ ಸೀಮೆಯ ಕುರ್ಡಿ ದಾಟಿ ಎರೆಹೊಲಗಳ ನಡುವೆ ಮೂರು ಮೈಲಿ ಹೋದರೆ ಹುಣಸಿದೊಡ್ಡಿ. ಎಪ್ಪತ್ತು ಮನೆಗಳ ಊರು. ಅಲ್ಲಿ ನೇತ್ರಾವತಿಯನ್ನು ‘ದನದ ಡಾಕ್ಟ್ರವ್ವ’ ಎಂದು ಕರೆಯುತ್ತಿದ್ದರು. ಮೊದಲು ಚೇಷ್ಟೆಗೆ, ಆಮೇಲೆ ರೂಢಿಗೆ. ಅವಳು ಡಾಕ್ಟರೂ ಅಲ್ಲ, ಕಾಂಪೌಂಡರೂ ಅಲ್ಲ. ದೇವದುರ್ಗದ ಕಡೆಯ ಕುರಿಗಾರರ ಮನೆಯಲ್ಲಿ ಹುಟ್ಟಿ, ಹತ್ತನೆಯ ತರಗತಿ ಪಾಸಾಗಿ, ಮುಂದೆ ಓದುವ ಆಸೆ ಬಾಯಿಗೆ ಬರುವ ಮೊದಲೇ ಇಲ್ಲಿಯ ದುರುಗೇಶನಿಗೆ ಮದುವೆಯಾಗಿ ಬಂದವಳು. ದುರುಗೇಶ ರೈಸ್ ಮಿಲ್ಲಿನ ಲಾರಿ ಓಡಿಸುತ್ತಿದ್ದ. ತಿಂಗಳಲ್ಲಿ ಇಪ್ಪತ್ತು ದಿನ ರಸ್ತೆಯ ಮೇಲೆಯೇ. ಹೆಣ್ಣುಮಕ್ಕಳ ಸಂಘದವರು ಪಶುಸಖಿಯ ಕೆಲಸಕ್ಕೆ ಓದುಬರಹ ಬಲ್ಲವಳು ಬೇಕು ಎಂದಾಗ ಊರಿನಲ್ಲಿ ಹತ್ತನೆಯದು ಮುಗಿಸಿದ ಸೊಸೆ ಇವಳೊಬ್ಬಳೇ ಸಿಕ್ಕಳು.

ರಾಯಚೂರಿನಲ್ಲಿ ಹದಿನಾರು ದಿನ ತರಬೇತಿಯಾಯಿತು. ಜ್ವರ ನೋಡುವುದು, ಜಂತಿನ ಔಷಧಿ ಕುಡಿಸುವುದು, ಕಿವಿಗೆ ಹಳದಿ ಬಿಲ್ಲೆ ಹೊಡೆಯುವುದು, ಲಸಿಕೆ ಹಾಕುವವರಿಗೆ ದನ ಹಿಡಿದುಕೊಡುವುದು ಇಷ್ಟನ್ನು ಕಲಿಸಿ ಒಂದು ನೀಲಿ ಚೀಲ ಕೊಟ್ಟು ಕಳಿಸಿದರು. ಅವಳು ದನದ ಬಾಲ ಎತ್ತಿ ಥರ್ಮಾಮೀಟರ್ ಇಡುವುದನ್ನು ನೋಡಲು ಗಂಡಸರು ಕಟ್ಟೆ ಬಿಟ್ಟು ಎದ್ದು ಬರುತ್ತಿದ್ದರು. ನೋಡಿ ನಕ್ಕು, ಔಷಧಿಯನ್ನು ಮಾತ್ರ ಮಾನ್ವಿಯ ಅಂಗಡಿಯವನನ್ನು ಕೇಳಿ ತರುತ್ತಿದ್ದರು. ನಾಲ್ಕು ವರ್ಷ ಹೀಗೇ ನಡೆಯಿತು. ನಾಲ್ಕು ವರ್ಷವೂ ಅವಳು ಒಂದು ನೋಟುಬುಕ್ಕಿನಲ್ಲಿ ಯಾರ ಮನೆಯ ಯಾವ ದನ, ಯಾವ ತಾರೀಕು, ಏನು ಮಾಡಿದೆ ಎಂದು ದುಂಡಗಿನ ಅಕ್ಷರದಲ್ಲಿ ಬರೆದಿಟ್ಟಳು. ಆ ಬುಕ್ಕನ್ನು ಯಾರೂ ಒಮ್ಮೆಯೂ ಬಿಡಿಸಿ ನೋಡಿರಲಿಲ್ಲ.

ಮನೆಯಲ್ಲಿ ಅವಳ ಬೆನ್ನಿಗೆ ನಿಂತವರು ಇಬ್ಬರು. ಒಬ್ಬಳು ಅತ್ತೆ ಮಾರೆಮ್ಮ. ಕುರಿ ಕಾಯುತ್ತಲೇ ಮುಪ್ಪಾದವಳು. ಇನ್ನೊಬ್ಬ ಭಾವ ಕನಕರಾಜ. ಒಂದೇ ಅಂಗಳಕ್ಕೆ ಎರಡು ಬಾಗಿಲು. ಒಂದು ದುರುಗೇಶನದು, ಒಂದು ಅವನ ಅಣ್ಣ ಕನಕರಾಜನದು. ಕನಕರಾಜ ಕುರಿ ಮಾರಿ ಒಂದು ಜರ್ಸಿ ಆಕಳು ಕಟ್ಟಿದ್ದ. ಕೆಂಪು ಬಣ್ಣದ್ದೆಂದು ಕೆಂಚಿ ಎನ್ನುತ್ತಿದ್ದ. ಕೆಂಚಿಗೆ ಏನಾದರೂ ಅವನು ಅಂಗಡಿಗೆ ಹೋಗುತ್ತಿರಲಿಲ್ಲ, ಅಂಗಳದಲ್ಲಿ ನಿಂತು ಕೂಗುತ್ತಿದ್ದ: "ನೇತ್ರಾ, ಬಾರವ್ವ ಇಲ್ಲಿ, ಇದ್ಯಾಕೋ ಮೇವು ಮುಟ್ಟವಲ್ದು." ಆ ಕೂಗಿಗೆ ನೇತ್ರಾವತಿ ಒಲೆಯ ಮೇಲಿನ ರೊಟ್ಟಿಯನ್ನು ಹಾಗೇ ಬಿಟ್ಟು ಓಡುತ್ತಿದ್ದಳು.

ಆ ವರ್ಷ ಆಷಾಢದಲ್ಲಿ ರೈಸ್ ಮಿಲ್ಲಿನ ಸಾಹುಕಾರ ವಿರೂಪಣ್ಣ ಹೊರರಾಜ್ಯದ ಸಂತೆಯಿಂದ ಐದು ಕಪ್ಪುಬಿಳುಪಿನ ಆಕಳು ತರಿಸಿದ. ಓಣಿಯ ತುದಿಯಲ್ಲೇ ಅವನ ದೊಡ್ಡ ಶೆಡ್ಡು. ದುರುಗೇಶನೇ ಅವನ್ನು ಲಾರಿಯಲ್ಲಿ ತಂದಿಳಿಸಿದ. ನೋಡಲು ಹೋದ ನೇತ್ರಾವತಿಗೆ ಅವುಗಳಲ್ಲಿ ಒಂದರ ಕಿವಿಯ ಮಡಿಕೆಯಲ್ಲಿ, ಕೆಚ್ಚಲ ಸಂದಿಯಲ್ಲಿ ಹುಣಸೆಬೀಜದಷ್ಟು ದಪ್ಪದ ಉಣ್ಣಿಗಳು ಕಂಡವು. ಆಕಳು ತಲೆ ಇಳಿಬಿಟ್ಟು ನಿಂತಿತ್ತು.

"ಸಾಹುಕಾರ್ರೀ, ಇದರ ಮೈತುಂಬ ಉಣ್ಣಿ ಅದಾವು. ಸ್ವಲ್ಪ ದಿನ ಇದನ್ನ ಬ್ಯಾರೆ ಕಡೆ ಕಟ್ರಿ," ಎಂದಳು.

"ಲಾರ್ಯಾಗ ನಿಂತು ನಿಂತು ಹೈರಾಣಾಗ್ಯಾವ ತಂಗಿ. ಔಷಧಿ ಹೊಡಸ್ತೀನಿ ತಗೊ," ಎಂದ ವಿರೂಪಣ್ಣ. ಗಟ್ಟಿಯಾಗಿ ಮಾತಾಡುವ ಮನುಷ್ಯನಲ್ಲ. ಹೇಳಿದಂತೆ ಔಷಧಿಯನ್ನೂ ಹೊಡೆಸಿದ. ಉಣ್ಣಿ ಉದುರಿದವು, ಹದಿನೈದು ದಿನದಲ್ಲಿ ಆಕಳು ಚೇತರಿಸಿಕೊಂಡು ಮೇವು ತಿಂದಿತು. ಅಲ್ಲಿಗೆ ಎಲ್ಲರೂ ಅದನ್ನು ಮರೆತರು, ನೇತ್ರಾವತಿಯೂ ಮರೆತಳು.

ಶ್ರಾವಣದಲ್ಲಿ ಕಾಲುಬಾಯಿ ರೋಗದ ಲಸಿಕೆ ಬಂತು. ಲಸಿಕೆ ಹಾಕಲು ಬಂದವನು ಸುಭಾಷ್, ಗುತ್ತಿಗೆಯ ಮೇಲೆ ಕೆಲಸ ಮಾಡುವ ಯುವಕ. ಐಸ್ ತುಂಬಿದ ಡಬ್ಬಿಯನ್ನು ಬೈಕಿನಿಂದ ಇಳಿಸಿದವನೇ ಗಡಿಯಾರ ನೋಡಿದ.

"ನೇತ್ರಕ್ಕ, ಇವತ್ತ ಇನ್ನೊಂದು ಊರು ಮುಗಿಸಬೇಕು ನಾ. ಈ ಓಣಿ ನೀ ಮಾಡು, ಆ ಓಣಿ ನಾ ಮಾಡ್ತೀನಿ."

"ನಾ ಚುಚ್ಚಬಾರದಲ್ಲೋ ತಮ್ಮ. ಹಿಡಿದುಕೊಡೋದಷ್ಟ ನಂದು."

"ನಾಕು ವರ್ಷದಿಂದ ನೋಡಾಕತ್ತೀದಿ, ನಿಂಗೇನು ಬರಂಗಿಲ್ಲ? ನಂಗಿಂತ ಚಲೋ ಮಾಡ್ತಿ ನೀ."

ಅವನು ಸಿರಿಂಜನ್ನು ಅವಳ ಕೈಗೆ ಇಟ್ಟೇಬಿಟ್ಟ. ಜೊತೆಗೆ ನಾಲ್ಕು ಸೂಜಿ.

"ನಾಕ ಸಾಕಾಗಂಗಿಲ್ಲ. ದನಕ್ಕೊಂದು ಸೂಜಿ ಅಂತ ಹೇಳಿಕೊಟ್ಟಾರ ನಮಗ."

"ಹಂಗ ಕುಂತ್ರ ಮುಗಿದಂಗ ಐತಿ. ಒಂದರಾಗ ಹದಿನೈದು ಹಾಕು. ಪಾಕೀಟು ಒಡೀಬ್ಯಾಡ, ಮುಂದಿನ ಊರಿಗೆ ಬೇಕದು."

ಹದಿನಾರು ದಿನದ ತರಬೇತಿಯಲ್ಲಿ ಹೇಳಿಕೊಟ್ಟದ್ದು ಅವಳಿಗೆ ನೆನಪಿತ್ತು. ಆದರೆ ಓಣಿಯ ಗಂಡಸರು ತಮ್ಮ ದನ ಹಿಡಿದುಕೊಂಡು ಸಾಲಾಗಿ ನಿಂತಿದ್ದರು, ಸಿರಿಂಜು ಅವಳ ಕೈಯಲ್ಲಿತ್ತು, ಮೊದಲ ಸಲ ಒಬ್ಬನೂ ನಗುತ್ತಿರಲಿಲ್ಲ. ಅವಳು ಸೆರಗು ಬಿಗಿದು ವಿರೂಪಣ್ಣನ ಶೆಡ್ಡಿನಿಂದ ಶುರು ಮಾಡಿದಳು. ಅವನ ಐದು ಆಕಳು ಮುಗಿಸಿ ಹೊರಗೆ ಬರುವಷ್ಟರಲ್ಲಿ ಕನಕರಾಜನ ಹೆಂಡತಿ ಭಾಗ್ಯಜ್ಯೋತಿ ಕೆಂಚಿಯ ಹಗ್ಗ ಹಿಡಿದು ಎದುರಿಗೇ ನಿಂತಿದ್ದಳು.

"ನಮ್ಮದಕ್ಕ ಮೊದಲ ಹಾಕಿಬಿಡು ನೇತ್ರಾ, ಮೇಯಾಕ ಬಿಡಬೇಕು."

ಅದೇ ಸೂಜಿಯಿಂದ ನೇತ್ರಾವತಿ ಕೆಂಚಿಗೆ ಹಾಕಿದಳು. ಆಮೇಲೆ ಓಣಿಯ ಇನ್ನೂ ಹತ್ತು ದನಗಳಿಗೆ ಹಾಕಿದಳು. ಅಲ್ಲಿಗೆ ಸೂಜಿ ಮೊಂಡಾಯಿತೆಂದು ಬದಲಿಸಿ, ಯಾವಾಗಲೂ ನೀಟಾಗಿ ಬರೆದಿಡುವವಳಾದ್ದರಿಂದ, ನೋಟುಬುಕ್ಕಿನಲ್ಲಿ ಹತ್ತನೆಯ ಹೆಸರಿನ ಕೆಳಗೆ ಒಂದು ಗೆರೆ ಎಳೆದು ‘ಹೊಸ ಸೂಜಿ’ ಎಂದು ಬರೆದಳು. ಸಂಜೆ ಮನೆಗೆ ಬಂದಾಗ ಬಲಗೈ ಹೆಬ್ಬೆರಳು ಬಾತಿತ್ತು. ಅತ್ತೆಗೆ ತೋರಿಸಿದಳು. ಆ ನೋವೂ ಅವಳಿಗೆ ಹಿತವಾಗಿತ್ತು.

ಇಪ್ಪತ್ತಾರನೆಯ ದಿನ ಕೆಂಚಿ ಮೇವು ಬಿಟ್ಟಿತು.

ಜ್ವರ ನೂರಾ ಆರು. ಮೆಲುಕು ನಿಂತಿತ್ತು. ಬಾಯಿ ಬಿಡಿಸಿ ನೋಡಿದರೆ ವಸಡು ಸುಣ್ಣ ಬಳಿದಂತೆ ಬಿಳಚಿಕೊಂಡಿತ್ತು. ನಾಲ್ಕು ಹೆಜ್ಜೆ ನಡೆಸಿದರೆ ಓಡಿ ಬಂದ ನಾಯಿಯಂತೆ ಏದುಸಿರು. ಮಾನ್ವಿಯಿಂದ ಕರೆಸಿದ ಖಾಸಗಿ ವೈದ್ಯ ಅಜೀರ್ಣವೆಂದು ಸಲಾಯಿನ್ ಏರಿಸಿ ಹೋದ. ಮೂರನೆಯ ದಿನಕ್ಕೆ ವಸಡು, ಕಣ್ಣಿನ ಬಿಳಿ ಎಲ್ಲ ಅರಿಶಿನವಾಯಿತು. ನಾಲ್ಕನೆಯ ದಿನ ಬೆಳಗ್ಗೆ ಕೆಂಚಿ ಕಾಲು ಚಾಚಿತು. ಕನಕರಾಜ ಅದರ ಕೊರಳು ಹಿಡಿದುಕೊಂಡು ಸಗಣಿಯಲ್ಲೇ ಕುಳಿತಿದ್ದ. ಅಷ್ಟರಲ್ಲಿ ಓಣಿಯಲ್ಲಿ ಇನ್ನೆರಡು ಆಕಳು, ಒಂದು ಎತ್ತು ಮೇವು ಬಿಟ್ಟ ಸುದ್ದಿ ಬಂತು.

ಅಂಗಳದ ತುಂಬ ಜನ ಸೇರಿದರು. ಎಲ್ಲರ ಮುಖ ನೇತ್ರಾವತಿಯ ಕಡೆ.

"ಏನ್ ರೋಗ ಬೇ ಇದು? ನೀ ಕಲ್ತು ಬಂದಾಕಿ, ಹೇಳು," ಎಂದರು.

ನಾಲ್ಕು ವರ್ಷದಲ್ಲಿ ಹೀಗೆ ಕೇಳಿದ್ದು ಅದೇ ಮೊದಲು. ತರಬೇತಿಯ ಕೋಣೆಯ ಗೋಡೆಯಲ್ಲಿದ್ದ ಒಂದು ಚಿತ್ರ ಅವಳ ಕಣ್ಣಿಗೆ ಬಂತು: ನಡುವೆ ದೊಡ್ಡದೊಂದು ಉಣ್ಣಿ, ಸುತ್ತ ಆಕಳು, ಕುರಿ, ನಾಯಿ, ಜಿಂಕೆ.

"ಉಣ್ಣಿ ರೋಗ ಇರಬೇಕ್ರಿ. ಉಣ್ಣಿ ಕಡದು ರಕ್ತದಾಗ ಹುಳ ಬಿಡ್ತದ," ಎಂದಳು.

"ಉಣ್ಣಿ ನಮ್ಮ ದನಕ್ಕ ಯಾವಾಗ್ಲೂ ಇರ್ತಾವ. ಈ ವರ್ಷ ಯಾಕ ಸಾಯಾಕತ್ತಾವು? ಎಲ್ಲಿಂದ ಬಂತಿದು?"

ಅವಳಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದಿದ್ದರೆ ಜನ ಬೈದುಕೊಂಡು ಎದ್ದು ಹೋಗುತ್ತಿದ್ದರು, ಅಷ್ಟೇ. ಆದರೆ ಅವರು ಕಾಯುತ್ತಿದ್ದರು.

"ಕಾಡುಪ್ರಾಣಿಯಿಂದಾನೂ ಬರ್ತದ್ರಿ. ಚಿಗರಿ ಮೈಮ್ಯಾಲೂ ಇರ್ತಾವಲ್ಲ ಉಣ್ಣಿ. ಅವು ಮೇದ ಹೊಲದಾಗ ನಮ್ಮ ದನಾನೂ ಮೇಯ್ತಾವು."

ಚಿಗರಿ ಎನ್ನುವ ಮಾತು ಬಿದ್ದದ್ದೇ ತಡ, ಹತ್ತು ಬಾಯಿ ಒಮ್ಮೆಗೇ ಎದ್ದವು. ಆ ಸೀಮೆಯಲ್ಲಿ ಚಿಗರಿಗಳ, ಎಂದರೆ ಕೃಷ್ಣಮೃಗಗಳ, ಹಿಂಡು ಹೊಸತಲ್ಲ. ಹತ್ತಿಯ ಎಳೆ ಸಸಿ, ಹೆಸರು, ತೊಗರಿ ಏನು ಬಿತ್ತಿದರೂ ಮೊಳಕೆಯಲ್ಲೇ ಚಿವುಟಿ ಹೋಗುತ್ತಿದ್ದವು. ಹೊಡೆಯುವಂತಿಲ್ಲ, ಕಾನೂನು. ಈಗ ದನವನ್ನೂ ಕೊಲ್ಲುತ್ತಿವೆ ಎಂದಾಯಿತು. ಮೂಲೆಯಲ್ಲಿ ಕೂತಿದ್ದ ಮಾರೆಮ್ಮ ಮಾತ್ರ ಹೇಳಿದಳು:

"ಚಿಗರಿ ಏನು ನಿನ್ನಿ ಬಂದಾವೇನ್ರಲೇ? ನಾ ಕುರಿ ಕಾಯೂವಾಗಿಂದ ಅದಾವು. ನನ್ನ ಕುರಿ ಅವುಗಳ ಜೋಡಿನ ಮೇದಾವು."

ಮುದುಕಿಯ ಮಾತು ಗದ್ದಲದಲ್ಲಿ ಯಾರಿಗೂ ಕೇಳಲಿಲ್ಲ. ನೇತ್ರಾವತಿಗೆ ಕೇಳಿಸಿತ್ತು. ಆದರೆ ಸುತ್ತ ಜನ ಅವಳದೇ ಮಾತನ್ನು ಒಬ್ಬರಿಂದ ಒಬ್ಬರಿಗೆ ದಾಟಿಸುತ್ತಿದ್ದರು, ‘ಡಾಕ್ಟ್ರವ್ವ ಹೇಳ್ಯಾಳ’ ಎನ್ನುತ್ತಿದ್ದರು. ಅವಳು ಅದನ್ನು ತಡೆಯಲಿಲ್ಲ.

ಒಟ್ಟು ಏಳು ದನ ರೋಗಕ್ಕೆ ಬಿದ್ದವು. ನಾಲ್ಕು ಸತ್ತವು.

ಗಣೇಶನ ಹಬ್ಬ ಕಳೆದ ಮೇಲೆ ಎರಡು ದಿನ ಜಡಿಮಳೆ ಹಿಡಿಯಿತು. ಎರೆಮಣ್ಣು ನೆನೆದರೆ ಅರಗಿನಂತೆ. ಮನುಷ್ಯ ಹೇಗೋ ಕಾಲು ಕಿತ್ತುಕೊಂಡು ನಡೆದಾನು; ಚಿಗರಿಯ ಚೂಪು ಗೊರಸಿಗೆ ಮಣ್ಣಿನ ಮುದ್ದೆ ಮೆತ್ತಿಕೊಂಡರೆ ಗಾಳಿಯಂತೆ ಓಡುವ ಪ್ರಾಣಿ ನಿಂತಲ್ಲೇ ನಿಲ್ಲುತ್ತದೆ. ಮಳೆ ಬಿಟ್ಟ ಬೆಳಗ್ಗೆ ಏಳೆಂಟು ಜನ ನಾಯಿಗಳನ್ನು ಕರೆದುಕೊಂಡು ಹಿಂಡನ್ನು ಉತ್ತ ಹೊಲಕ್ಕೆ ಅಟ್ಟಿದರು. ಕನಕರಾಜನೂ ಹೋದ. ಅವನು ಜೀವಮಾನದಲ್ಲಿ ಒಂದು ಮೊಲವನ್ನೂ ಹೊಡೆದವನಲ್ಲ. ಹೆಂಡತಿ ಭಾಗ್ಯಜ್ಯೋತಿ ಬೇಡವೆಂದು ಕೈ ಹಿಡಿದರೆ ಕೊಡವಿಕೊಂಡು ಹೋದ.

ಮೂರು ಚಿಗರಿ ಸತ್ತವು. ಸುರುಳಿ ಕೋಡಿನ ಕಪ್ಪು ಗಂಡು ಒಂದು, ಹೆಣ್ಣು ಎರಡು. ಜೊತೆಗೆ ಹೋದವನೊಬ್ಬ ಎಲ್ಲವನ್ನೂ ಮೊಬೈಲಿನಲ್ಲಿ ಹಿಡಿದು ವಾಟ್ಸ್ಯಾಪ್ ಗುಂಪಿಗೆ ಹಾಕಿದ. ಮಧ್ಯಾಹ್ನದೊಳಗೆ ಅದು ಮಾನ್ವಿ ದಾಟಿ ರಾಯಚೂರು ಮುಟ್ಟಿತು. ವಿಡಿಯೊದಲ್ಲಿ ಮುಖ ಸರಿಯಾಗಿ ಕಾಣುತ್ತಿದ್ದುದು ಕನಕರಾಜನದೊಂದೇ. ಕೈಯಲ್ಲಿ ಬಡಿಗೆ, ಮೊಣಕಾಲವರೆಗೆ ಕೆಸರು, ಕಣ್ಣಲ್ಲಿ ನೀರು. ಸತ್ತ ಚಿಗರಿಯ ಕಿವಿ ಹಿಡಿದು ಎತ್ತಿ ತೋರಿಸುತ್ತ ಕೂಗುತ್ತಿದ್ದ:

"ನೋಡ್ರಿ, ಇಲ್ಲಿ ಅದಾವು ಉಣ್ಣಿ! ನಮ್ಮ ನೇತ್ರಾ ಖರೇನ ಹೇಳ್ಯಾಳ, ಇವ ತಂದಾವ, ಇವ ನನ್ನ ಕೆಂಚೀನ ತಿಂದಾವ!"

ಮರುದಿನ ಅರಣ್ಯ ಇಲಾಖೆಯ ಜೀಪು ಬಂತು. ಉಳಿದವರೆಲ್ಲ ಸಂಬಂಧಿಕರ ಊರುಗಳಿಗೆ ಸರಿದುಕೊಂಡಿದ್ದರು. ಕನಕರಾಜ ಅಂಗಳದಲ್ಲೇ ಸಿಕ್ಕ. ಓಡಬೇಕೆಂದು ಅವನಿಗೆ ಅನ್ನಿಸಿರಲೇ ಇಲ್ಲ. ಜೀಪು ಹತ್ತುವಾಗ ನೇತ್ರಾವತಿಯ ಕಡೆ ತಿರುಗಿ, "ಅವರಿಗೆ ನೀ ತಿಳಿಸಿ ಹೇಳವ್ವ, ರೋಗದ್ದು," ಎಂದ. ಅವಳು ಹೇಳಲು ಹೋದಳು. ಜೀಪಿನವರು ಕೇಳಿಸಿಕೊಳ್ಳಲಿಲ್ಲ.

ಸತ್ತ ಚಿಗರಿಗಳ ಮರಣೋತ್ತರ ಪರೀಕ್ಷೆಗೆಂದು ರಾಯಚೂರಿನಿಂದ ಪಶುವೈದ್ಯೆ ನಾಗರತ್ನಾ ಬಂದರು. ಐವತ್ತರ ಹೆಂಗಸು, ಸೀರೆಯ ಮೇಲೆ ಬಿಳಿ ಕೋಟು, ಕಾಲಿಗೆ ರಬ್ಬರ್ ಬೂಟು. ಅವರು ಚಿಗರಿಯ ಕಿವಿಯ ಉಣ್ಣಿಗಳನ್ನು ಚಿಮಟದಿಂದ ಒಂದೊಂದಾಗಿ ಬಿಡಿಸಿ ಪುಟ್ಟ ಬಾಟಲಿಗಳಿಗೆ ಹಾಕಿಕೊಂಡರು. ಊರಿಗೂ ಬಂದು ಬದುಕಿ ಉಳಿದ ದನಗಳ ರಕ್ತ ತೆಗೆದುಕೊಂಡರು. ವಿರೂಪಣ್ಣನ ಶೆಡ್ಡಿಗೂ ಹೋದರು. ನೇತ್ರಾವತಿ ದಿನವಿಡೀ ಅವರ ಜೊತೆಗಿದ್ದು ದನ ಹಿಡಿದುಕೊಟ್ಟಳು. ಹೋಗುವಾಗ ಅವರು, "ನಿಮ್ಮ ಕೈ ಚಲೋ ಅದ. ಏನಾದ್ರೂ ಬರಕೊಂಡು ಇಟ್ಟೀರೇನು?" ಎಂದು ಕೇಳಿದರು. ನೋಟುಬುಕ್ಕಿನ ಸುದ್ದಿ ಕೇಳಿ, ಫಲಿತಾಂಶ ಬಂದಾಗ ಅದನ್ನೂ ತೆಗೆದುಕೊಂಡು ರಾಯಚೂರಿಗೆ ಬನ್ನಿ ಎಂದರು.

ಕರೆ ಬಂದದ್ದು ದೀಪಾವಳಿಯ ನಂತರ. ನೇತ್ರಾವತಿ ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟುಕೊಂಡು ಹೋದಳು. ಚಿಗರಿಯೇ ರೋಗ ತಂದದ್ದೆಂದು ಕಾಗದದಲ್ಲಿ ಬಂದರೆ ಭಾವನ ವಕೀಲರಿಗೆ ಕೊಡಬಹುದು, ಶಿಕ್ಷೆ ಸ್ವಲ್ಪ ಕಡಿಮೆಯಾದೀತು ಎಂಬ ಆಸೆ ಅವಳಿಗೆ.

ನಾಗರತ್ನಾ ಮೇಜಿನ ಮೇಲೆ ಎರಡು ಹಾಳೆ ಇಟ್ಟರು.

"ನೀವು ಹೇಳಿದ್ದು ಅರ್ಧ ಖರೇ ನೇತ್ರಾವತಿ. ಇದು ಉಣ್ಣಿಯಿಂದ ಬರೋ ರೋಗಾನ. ಅನಾಪ್ಲಾಸ್ಮಾ ಅಂತ ಒಂದು ಬ್ಯಾಕ್ಟೀರಿಯಾ, ರಕ್ತದ ಕೆಂಪುಕಣದಾಗ ಕುಂದರ್ತದ. ಆ ಕಣಗಳು ನಾಶ ಆಕ್ಕೋಂತ ಹೋಗ್ತಾವು, ದನ ಬಿಳಚಿಕೊಂತದ, ಆಮ್ಯಾಲೆ ಕಾಮಾಲೆ. ಮೊದಲೆರಡು ದಿನದಾಗ ಗುರುತು ಹಿಡಿದ್ರ ಔಷಧಿ ಅದ, ಬದುಕ್ತಾವ."

"ಚಿಗರಿಯಾಗೂ ಸಿಕ್ತೇನ್ರಿ ಮೇಡಂ?"

"ಸಿಕ್ತು. ಅವುಗಳ ಉಣ್ಣಿಯಾಗೂ ಒಂದು ಅನಾಪ್ಲಾಸ್ಮಾ ಸಿಕ್ತು. ಆದರ ಅದು ಬ್ಯಾರೆ ಜಾತಿದು. ನಿಮ್ಮ ದನಗಳೊಳಗ ಇರೋದು ಅದಲ್ಲ. ನಿಮ್ಮ ದನಗಳೊಳಗ ಇರೋದು ವಿರೂಪಣ್ಣನವರ ಒಂದು ಆಕಳಿನಾಗ ಅದ. ಒಮ್ಮೆ ಬಂದು ಗುಣ ಆದ ಆಕಳ ರಕ್ತದಾಗ ಅದು ಜೀವಮಾನ ಉಳಿದುಬಿಡ್ತದ. ಆಕಳಿಗೇನೂ ಆಗಂಗಿಲ್ಲ."

ಉಣ್ಣಿ ತುಂಬಿದ್ದ, ತಲೆ ಇಳಿಬಿಟ್ಟು ನಿಂತಿದ್ದ ಆ ಆಕಳು ಯಾವುದೆಂದು ನೇತ್ರಾವತಿಗೆ ಕೂಡಲೇ ಹೊಳೆಯಿತು. "ಹಂಗಾದ್ರ ಅದರ ಮೈಮ್ಯಾಲಿನ ಉಣ್ಣಿ ಓಣಿಯಾಗ ಹರದಾಡ್ಯಾವೇನ್ರಿ?"

"ಇರಬಹುದು ಅಂದುಕೊಂಡಿದ್ದೆ. ಆದರ ನಾಕೈದು ದಿನದೊಳಗ ಏಳು ದನ ಬಿದ್ದಾವು, ಒಂದ ಓಣಿಯಾಗ. ಉಣ್ಣಿಯಿಂದ ಹರಡಿದ್ರ ಹಿಂಗ ಒಮ್ಮೆಗೇ ಬೀಳೋದು ಕಮ್ಮಿ. ನಿಮ್ಮ ಬುಕ್ಕು ಕೊಡ್ರಿ."

ಅವರು ಹಾಳೆ ತಿರುವಿದರು. ಲಸಿಕೆ ಹಾಕಿದ ದಿನದ ಪುಟದಲ್ಲಿ ಬೆರಳು ನಿಂತಿತು. ವಿರೂಪಣ್ಣನ ಐದು ಆಕಳು, ಕೆಳಗೆ ಕನಕರಾಜ, ಕೆಳಗೆ ಇನ್ನೂ ಹತ್ತು ಹೆಸರು, ಆಮೇಲೆ ಗೆರೆ. ಬಿದ್ದ ಏಳೂ ಗೆರೆಯ ಮೇಲಿದ್ದವು. ಗೆರೆಯ ಕೆಳಗಿನ ಮೂವತ್ತರಲ್ಲಿ ಒಂದಕ್ಕೂ ಏನೂ ಆಗಿರಲಿಲ್ಲ.

"ಈ ಗೆರೆ ಏನಿದು?" ಎಂದು ಕೇಳಿದರು. ಕೇಳುವಾಗಲೇ ಅವರಿಗೆ ಗೊತ್ತಾಗಿತ್ತು; ಪಕ್ಕದಲ್ಲಿ ಬರೆದಿತ್ತಲ್ಲ.

ನೇತ್ರಾವತಿ ‘ಹೊಸ ಸೂಜಿ’ ಎಂಬ ತನ್ನದೇ ಅಕ್ಷರಗಳ ಮೇಲೆ ಬೆರಳಿಟ್ಟಳು.

"ಸೂಜಿ ತುದಿಗೆ ಕಣ್ಣಿಗೆ ಕಾಣದಷ್ಟು ರಕ್ತ ಹತ್ತಿದ್ರೂ ಸಾಕವ್ವ," ಎಂದರು ನಾಗರತ್ನಾ. ಅಲ್ಲಿಯವರೆಗೆ ‘ನೇತ್ರಾವತಿ’ ಎನ್ನುತ್ತಿದ್ದವರು ಆಗ ‘ಅವ್ವ’ ಎಂದರು. "ಯಾರು ಚುಚ್ಚಿದ್ರು?"

"ನಾನ."

"ವರದಿ ಬರೆಯೋವಾಗ ನಾ ಹೆಸರು ಹಾಕಂಗಿಲ್ಲ. ‘ಸೂಜಿಯಿಂದ ಹರಡಿರುವ ಸಾಧ್ಯತೆ’ ಅಂತಷ್ಟ ಬರೀತೀನಿ. ನೀವು ಇದನ್ನ ತಲಿಗೆ ಹಚ್ಚಿಕೋಬ್ಯಾಡ್ರಿ. ದೊಡ್ಡ ದೊಡ್ಡ ಓದಿದವರೂ ಹಿಂಗ ಮಾಡ್ತಾರ."

ಅವಳು ಹೊರಗೆ ಬಂದು ಕಟ್ಟಡದ ಮೆಟ್ಟಿಲ ಮೇಲೆ ಕೂತಳು. ಬಿಸಿಲು ಸರಿದು ಕಾಲ ಮೇಲೆ ಬರುವವರೆಗೂ ಕೂತೇ ಇದ್ದಳು. ಆಮೇಲೆ ಎದ್ದು, ಬಸ್ಸಿಗೆ ಹೋಗದೆ ಭಾವನಿದ್ದ ಜೈಲಿನ ದಾರಿ ಕೇಳಿಕೊಂಡು ನಡೆದಳು.

ಜಾಳಿಗೆಯ ಆಚೆ ಕನಕರಾಜ ಬಂದು ನಿಂತ. ಎರಡು ತಿಂಗಳಲ್ಲಿ ಕೊರಳು ಸಣ್ಣದಾಗಿತ್ತು. "ಕಾಗದ ಬಂತೇನವ್ವ?" ಎಂದು ಮೊದಲು ಕೇಳಿದ್ದು ಅದನ್ನೇ.

"ಬಂತು ಭಾವ." ಅವಳು ಸುತ್ತಿ ಬಳಸಲಿಲ್ಲ. "ಚಿಗರಿ ಅಲ್ಲಂತ. ಸಾಹುಕಾರರ ಆಕಳಿನಾಗ ಇತ್ತಂತ ರೋಗ. ಅದರಿಂದ ಕೆಂಚಿಗೆ ಬಂದದ್ದು ಸೂಜಿಯಿಂದ. ಚುಚ್ಚಿದಾಕಿ ನಾ. ಸೂಜಿ ಬದಲು ಮಾಡಬೇಕು ಅಂತ ಗೊತ್ತಿತ್ತು ನಂಗ. ಮಾಡಲಿಲ್ಲ."

ಕನಕರಾಜ ಜಾಳಿಗೆಯೊಳಗೆ ಬೆರಳು ಸಿಕ್ಕಿಸಿ ನಿಂತ. ಬೈದಾನು, ಉಗುಳಿಯಾನು ಎಂದು ಅವಳು ಕಾದಳು. ಅದಾಗಿದ್ದರೆ ಅವಳಿಗೆ ಹಗುರಾಗುತ್ತಿತ್ತು.

"ಸುಳ್ಳದು," ಎಂದ ಕೊನೆಗೆ.

"ಖರೇ ಭಾವ. ನನ್ನ ಬುಕ್ಕಿನಾಗ..."

"ಸುಳ್ಳು ಅಂದ್ನೆಲ್ಲ! ಚಿಗರೀನ ತಂದಾವ. ನಾ ಕಣ್ಣಾರೆ ನೋಡೀನಿ ಅವುಗಳ ಕಿವ್ಯಾಗ ಉಣ್ಣಿ." ಹಣೆಯನ್ನು ಜಾಳಿಗೆಗೆ ಒತ್ತಿದ. "ಅಲ್ಲ ಅಂದ್ರ... ಆ ಗಂಡು ಚಿಗರಿ ಮಣ್ಣಾಗ ಸಿಕ್ಕು ನನ್ನ ಮುಖಾನ ನೋಡಾಕತ್ತಿತ್ತು ನೇತ್ರಾ. ಹಂಗ ನಿಂತಿತ್ತು. ಸುಮ್ಮ ಸುಮ್ಮನ ಹೊಡದೆ ಅಂತ ಹೇಳಾಕ ಬಂದೀಯೇನು ನೀ ಇಲ್ಲಿ? ಹೋಗು. ಊರಾಗ ಈ ಮಾತು ಎತ್ತಬ್ಯಾಡ."

ಆದರೆ ಅವಳು ಎತ್ತಿದಳು. ಮತ್ತೆ ಲಸಿಕೆ ಬರುವ ಮೊದಲು ಜನಕ್ಕೆ ಗೊತ್ತಾಗಲೇಬೇಕಿತ್ತು. ಹನುಮಪ್ಪನ ಗುಡಿಯ ಮುಂದೆ ಊರವರು ಕೂಡಿದಾಗ ಎದ್ದು ನಿಂತು, ಇದ್ದದ್ದನ್ನು ಇದ್ದಂತೆ ಹೇಳಿದಳು: ಆಕಳು, ಸೂಜಿ, ತನ್ನ ಕೈ. ನೋಟುಬುಕ್ಕನ್ನು ಬಿಚ್ಚಿ ತೋರಿಸಿದಳು. ಮೊದಲ ಸಲ ಅದು ಕೈಯಿಂದ ಕೈಗೆ ಹೋಯಿತು.

ವಿರೂಪಣ್ಣ ಕಡೆಯವರೆಗೂ ಕೇಳಿದ. ಆಮೇಲೆ ಮೆಲ್ಲಗೆ ಮಾತಾಡಿದ. "ನಮ್ಮ ಆಕಳು ನಿನ್ನ ಕಣ್ಣ ಮುಂದ ಅದಾವು ತಂಗಿ, ಗಟ್ಟಿ ಅದಾವು. ರೋಗ ಇದ್ದ ಆಕಳು ಹನ್ನೆರಡು ಲೀಟರು ಹಾಲು ಕೊಡ್ತದೇನು? ನೀ ಮೊದಲ ಚಿಗರಿ ಅಂದಿ. ನಿನ್ನ ಮಾತು ಕೇಳಿ ನಿಮ್ಮ ಭಾವ ಒಳಗ ಕುಂತಾನ. ಈಗ ಆಕಳು ಅಂತೀದಿ. ನಾಳೆ ಇನ್ನೇನು ಅಂತೀದಿ? ಕನಕರಾಜನ ವಕೀಲರನ್ನ ನಾ ನೋಡಿಕೊಂತೀನಿ, ನಮ್ಮೂರ ಮನಷಾ ಅವ. ಈ ಹುಡುಗಿಗೆ ಮನಸ್ಸಿಗೆ ಹತ್ತಿಬಿಟ್ಟದ, ಯಾರೂ ಏನೂ ಅನಬ್ಯಾಡ್ರಿ."

ಏನೂ ಅನ್ನಬೇಡಿ ಎಂದಮೇಲೆ ಜನ ಅನ್ನದೆ ಬಿಟ್ಟಾರೆಯೇ. ಸತ್ತ ದನದವರು ಅವಳ ಮನೆಯ ಮುಂದೆ ಬಂದು ಮಣ್ಣು ತೂರಿದರು. ‘ದನದ ಡಾಕ್ಟ್ರವ್ವ’ ಎನ್ನುತ್ತಿದ್ದ ಬಾಯಿಗಳು ‘ಸೂಜಿಯವ್ವ’ ಎಂದವು. ಸೂಜಿಯ ಮಾತನ್ನು ಎಲ್ಲರೂ ನಂಬಿದರು, ಆದರೆ ಅವರು ನಂಬಿದ್ದು ಅವಳ ಕೈ ಕೆಟ್ಟದ್ದು ಎಂದು. ಸಾಹುಕಾರನ ಆಕಳಿನ ಮಾತನ್ನಾಗಲಿ, ಸೂಜಿ ಕಡಿಮೆ ಕೊಟ್ಟ ಸುಭಾಷನ ಮಾತನ್ನಾಗಲಿ ಯಾರೂ ಎತ್ತಲಿಲ್ಲ. ಲಾರಿಯಿಂದ ಇಳಿದು ಬಂದ ದುರುಗೇಶ, "ನಾ ಅವರ ಲಾರಿ ಓಡಸ್ತೀನಿ ಅನ್ನೋದಾದ್ರೂ ನೆನಪಿತ್ತೇನು ನಿಂಗ?" ಎಂದಷ್ಟೇ ಕೇಳಿದ. ಭಾಗ್ಯಜ್ಯೋತಿ ಅಂಗಳದ ನಡುವೆ ತೊಗರಿ ಕಟ್ಟಿಗೆಯ ಬೇಲಿ ಕಟ್ಟಿದಳು. ಮಾರೆಮ್ಮ ಎರಡೂ ಮನೆಯಲ್ಲಿ ಉಣ್ಣದೆ ಒಂದು ದಿನ ಉಪವಾಸವಿದ್ದು, ಮರುದಿನ ಕೋಲೂರಿಕೊಂಡು ಬೇಲಿ ಸುತ್ತಿ ನೇತ್ರಾವತಿಯ ಒಲೆಯ ಮುಂದೆ ಬಂದು ಕೂತಳು. "ರೊಟ್ಟಿ ಕೊಡು," ಎಂದಳು.

ಸಂಕ್ರಾಂತಿಯ ಹೊತ್ತಿಗೆ ಕನಕರಾಜನಿಗೆ ಜಾಮೀನು ಸಿಕ್ಕಿತು. ವಿರೂಪಣ್ಣನೇ ವಕೀಲರನ್ನು ಇಟ್ಟಿದ್ದ. ಬಂದವನು ಆ ವಾರವೇ ವಿರೂಪಣ್ಣನ ಶೆಡ್ಡಿನಲ್ಲಿ ಆಕಳು ನೋಡಿಕೊಳ್ಳುವ ಕೆಲಸಕ್ಕೆ ನಿಂತ. ನೇತ್ರಾವತಿ ಆ ದಾರಿಯಲ್ಲಿ ಹೋಗುವಾಗ, ಅವನು ಆ ಕಪ್ಪುಬಿಳುಪಿನ ಆಕಳಿಗೆ ಮೈ ತೊಳೆಯುವುದು, ಕಿವಿಯ ಮಡಿಕೆ ಬಿಡಿಸಿ ಉಣ್ಣಿ ಹುಡುಕುವುದು ಕಾಣುತ್ತಿತ್ತು. ಅವನ ಕೈ ಕೆಂಚಿಯ ಮೇಲೆ ಆಡುತ್ತಿದ್ದಂತೆಯೇ ಇದರ ಮೇಲೂ ಆಡುತ್ತಿತ್ತು. ಅವಳನ್ನು ಕಂಡರೆ ಬೆನ್ನು ತಿರುಗಿಸುತ್ತಿದ್ದ.

ಫಾಲ್ಗುಣದಲ್ಲಿ ಮತ್ತೆ ಲಸಿಕೆ ಬಂತು. ಪಶುಸಖಿ ಬೇಡ, ಸುಭಾಷನೊಬ್ಬನೇ ಹಾಕಲಿ ಎಂದು ಊರವರು ಹೇಳಿ ಕಳಿಸಿದ್ದರು. ನೇತ್ರಾವತಿ ಮಾನ್ವಿಯಿಂದ ನೂರು ಸೂಜಿಯ ಪೆಟ್ಟಿಗೆ ತಂದಿಟ್ಟಿದ್ದಳು. ಅದನ್ನು ಸೆರಗಿನಲ್ಲಿ ಹಿಡಿದುಕೊಂಡು ಅವನ ಹಿಂದೆ ಹಿಂದೆ ನಡೆದಳು.

"ದನಕ್ಕೊಂದು ಹಾಕೋ ತಮ್ಮ. ನಾ ಕೊಡ್ತೀನಿ, ನೀ ಹಾಕು ಅಷ್ಟ."

"ಅಕ್ಕ, ನಿನ್ನ ಸಲುವಾಗಿ ನನ್ನ ಕೆಲಸ ಹೋಗೋದು ಉಳದದ. ಸುಮ್ಮ ಮನಿಗೆ ಹೋಗು."

ಅವನು ವಿರೂಪಣ್ಣನ ಶೆಡ್ಡಿಗೆ ಹೋದ. ಕನಕರಾಜ ಆಕಳ ಮೂಗುದಾರ ಹಿಡಿದ. ಐದೂ ಮುಗಿಸಿ ಅದೇ ಸೂಜಿಯಲ್ಲಿ ಸುಭಾಷ್ ಹೊರಬಂದಾಗ ಭಾಗ್ಯಜ್ಯೋತಿ ಒಂದು ಎಳೆಗರು ಹಿಡಿದು ನಿಂತಿದ್ದಳು, ತವರಿನವರು ಕೊಟ್ಟದ್ದು. ನೇತ್ರಾವತಿ ಹೋಗಿ ಕರುವಿಗೆ ಅಡ್ಡ ನಿಂತಳು.

"ಬಾಜೂಕ ಸರಿ," ಎಂದಳು ಭಾಗ್ಯಜ್ಯೋತಿ.

"ಸರಿಯಂಗಿಲ್ಲ ಅಕ್ಕ. ಸೂಜಿ ಬದಲಿಸಲಿ, ಸರೀತೀನಿ. ಬೇಕಾದ್ರ ಹೊಡಿ."

ಜನ ಸೇರತೊಡಗಿದರು. ಸುಭಾಷ್ ಗಡಿಯಾರ ನೋಡಿದ, ಬೈದುಕೊಂಡ, ಕೊನೆಗೆ ಅವಳ ಪೆಟ್ಟಿಗೆಯಿಂದ ಒಂದು ಸೂಜಿ ಕಿತ್ತುಕೊಂಡು ಕರುವಿಗೆ ಹಾಕಿದ. ಅದು ಮುಗಿದದ್ದೇ ಹೊಸ ಸೂಜಿ ತೆಗೆದು ಬಿಸಾಕಿ, ಹಳೆಯದನ್ನೇ ಸಿಕ್ಕಿಸಿಕೊಂಡು ಮುಂದಿನ ಮನೆಗೆ ನಡೆದ. ಇಬ್ಬರು ಗಂಡಸರು ನೇತ್ರಾವತಿಯ ರಟ್ಟೆ ಹಿಡಿದು ಓಣಿಯಿಂದಾಚೆ ಬಿಟ್ಟು ಬಂದರು.

ಮೂರು ವಾರ ಕಳೆದಿತ್ತು. ಊರೆಲ್ಲ ಹೊಲಕ್ಕೆ ಹೋಗಿದ್ದ ಒಂದು ಮಧ್ಯಾಹ್ನ ಹಿತ್ತಲ ಬಾಗಿಲು ಸದ್ದಾಯಿತು. ಓಣಿಯ ಕೊನೆಯ ಮನೆಯ ಕುಬ್ರಾ ಬೇಗಂ ನಿಂತಿದ್ದಳು, ತಲೆಯ ಮೇಲಿನ ಸೆರಗನ್ನು ಮುಖದವರೆಗೂ ಎಳೆದುಕೊಂಡು.

"ನೇತ್ರವ್ವ, ನಮ್ಮ ಆಕಳು ಮುಂಜಾನಿಂದ ಮೇವು ಮುಟ್ಟವಲ್ದು. ಒಂದೀಟು ನೋಡಬಾ. ಹಿಂದಿನ ದಾರಿಲಿಂದ ಬಾ, ಯಾರಿಗೂ ಕಾಣಬ್ಯಾಡ."

ಜ್ವರ ನೂರಾ ಐದೂವರೆ. ವಸಡು ಬಿಳಚಲು ಶುರುವಾಗಿತ್ತು. ನೇತ್ರಾವತಿ ಅಲ್ಲಿಂದಲೇ ರಾಯಚೂರಿಗೆ ಫೋನು ಮಾಡಿದಳು. ನಾಗರತ್ನಾ ಹೇಳಿಕಳಿಸಿದ ವೈದ್ಯರು ಸಂಜೆಯೊಳಗೆ ಬಂದು ಔಷಧಿ ಕೊಟ್ಟರು. ಹೊಸ ಸೂಜಿ ಅವಳೇ ತೆಗೆದುಕೊಟ್ಟಳು. ಆರು ದಿನ, ದಿನಕ್ಕೆರಡು ಸಲ ಹಿತ್ತಲ ದಾರಿಯಿಂದ ಹೋಗಿ ಜ್ವರ ನೋಡಿ ಬಂದಳು. ಏಳನೆಯ ದಿನ ಆಕಳು ಮೆಲುಕು ಹಾಕಿತು.

ಆ ಓಣಿಯಲ್ಲಿ ಬೇರೆ ಎರಡು ಆಕಳು ಸತ್ತವು. ಅವರ ಮನೆಯವರು ಅವಳನ್ನು ಕರೆದಿರಲಿಲ್ಲ. ತಾನಾಗಿ ಹೋದರೆ ಬಾಗಿಲು ತೆರೆದಿರಲಿಲ್ಲ. ಚಿಗರಿಗಳು ಮತ್ತೆ ಬಂದಿರಬೇಕು ಎಂದು ಗುಡಿಯ ಕಟ್ಟೆಯ ಮೇಲೆ ಮಾತಾಯಿತು. ಕುಬ್ರಾ ಬೇಗಂಳ ಆಕಳು ಹೇಗೆ ಉಳಿಯಿತೆಂದು ಯಾರೋ ಕೇಳಿದರಂತೆ.

"ಸುಭಾಷ್ ಬಂದು ಔಷಧಿ ಕೊಟ್ಟ ಅಂದೆ," ಎಂದು ಕುಬ್ರಾ ಬೇಗಂ ಹಿತ್ತಲಲ್ಲಿ ನಿಂತು ಹೇಳಿದಳು. ತಂದಿದ್ದ ಮೊಸರಿನ ಬಟ್ಟಲನ್ನು ಅವಳ ಕೈಗೆ ಕೊಡಲಾರದೆ ಕಟ್ಟೆಯ ಮೇಲಿಟ್ಟಳು. "ಬ್ಯಾಸರ ಮಾಡ್ಕೋಬ್ಯಾಡವ್ವ. ಈ ಊರಾಗ ಬದುಕಬೇಕಲ್ಲ ನಾವು."

"ಆತು ಬಿಡು," ಎಂದಳು ನೇತ್ರಾವತಿ. "ನಾಳೆ ಮುಂಜಾನೆ ಇನ್ನೊಮ್ಮೆ ಜ್ವರ ನೋಡಬೇಕು. ಹಿತ್ತಲ ಅಗಳಿ ತಗದಿಡು."